ಗ್ರೀಕ್ ಪ್ರಹಸನದ ‘ಕನ್ನಡ’: ಒಂದು ಮರುಪರಿಶೀಲನೆ

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅವರಿಂದ ಪ್ರಕಟವಾದ 413ನೆಯ ಪಪೈರಸ್ ಕನ್ನಡ ಸಂಶೋಧನೆಗೆ ಹೊಸದಲ್ಲ. ಕ್ರಿ.ಶ. 2ನೆಯ ಶತಮಾನದ್ದೆಂದು ಎಣಿಸಲಾದ ಇದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕಡಲ ತೀರದ ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿರುವ ಚಾರಿಟಿಯನ್ ಎಂಬ ಯುವತಿಯನ್ನು ಆಕೆಯ ಸೋದರನೂ ಸಂಗಡಿಗರೂ ಅರಸನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವುದು ಇದರ ವಸ್ತು. ಕಥೆಯ ಚೌಕಟ್ಟು ಯುರಿಪಿಡೀಸನ ನಾಟಕವೊಂದರದು. ಪ್ರೇಕ್ಷಕರು ರೋಮನ್ ಆಳ್ವಿಕೆಯ ಈಜಿಪ್ಟಿನ ಗ್ರೀಕ್ ಭಾಷಿಕರು. ಅರಸನೂ ಅವನ ಪರಿವಾರವೂ ಆಡುವ ಗ್ರೀಕೇತರ ಮಾತುಗಳೇ ಚರ್ಚೆಯ ವಿಷಯ.

ಈ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಷ್ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು. 1926ರಲ್ಲಿ ಬಾರ್ನೆಟ್ ಅದನ್ನು ಅಲ್ಲಗಳೆದರು. ಆದರೂ ನಮ್ಮ ಬರಹಗಳಲ್ಲಿ ಇದು ಕನ್ನಡದ ಪ್ರಾಚೀನತೆಗೆ ಸಿದ್ಧ ಪ್ರಮಾಣವೆಂಬಂತೆ ಉಲ್ಲೇಖಗೊಳ್ಳುತ್ತ ಬಂದಿದೆ. ಆ ಪ್ರಮಾಣದ ಬಲಾಬಲವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದಾಗಿ, ಪಪೈರಸ್ಸಿನ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ, ಪದವಿಭಾಗ ಓದುವವರದು. ಅದೇ ಅಕ್ಷರಮಾಲೆಯಲ್ಲಿ ತುಳುವನ್ನು ಕಂಡವರೂ ಇದ್ದಾರೆ. ಎರಡನೆಯದಾಗಿ, ಪ್ರಚಾರದಲ್ಲಿರುವ ಓದಿನಲ್ಲಿ ‘ಮಧು’, ‘ಪಾತ್ರ’ ಎಂಬ ಪದಗಳು ಸಂಸ್ಕೃತದವು. ಅವು ಭಾರತದ ಯಾವ ಭಾಷೆಯಲ್ಲಿಯೂ ಬರಬಹುದು. ‘ಹಾಕಿ’ ಎಂಬುದನ್ನು ಒಪ್ಪುವುದು ಇನ್ನೂ ಕಷ್ಟ. ಪಕಾರವು ಹಕಾರವಾದುದು ಶಾಸನಗಳಲ್ಲಿ ಸುಮಾರು 10ನೆಯ ಶತಮಾನದಿಂದೀಚೆಗೆ ಕಾಣುವ ಬದಲಾವಣೆ. ಹಲ್ಮಿಡಿ ಶಾಸನಕ್ಕಿಂತ ಸುಮಾರು ಮೂರು ಶತಮಾನ ಹಿಂದಿನ ಬರಹಕ್ಕೆ ನಮ್ಮ ಕಾಲದ ರೂಪವನ್ನು ತೊಡಿಸಿ ಓದುವುದು ಶಾಸ್ತ್ರಸಮ್ಮತವಲ್ಲ. ‘ಬೇರೆ’ ಎಂಬುದು ಮಾತ್ರ ವಾದಕ್ಕೆ ಅನುಕೂಲ. ತಮಿಳು ತೆಲುಗುಗಳ ವಕಾರಕ್ಕೆ ಬದಲಾಗಿ ಪದಾದಿಯಲ್ಲಿ ಬಕಾರ ಬರುವುದು ಕನ್ನಡದ ಲಕ್ಷಣವಷ್ಟೆ. ಆದರೆ ಎರಡಕ್ಷರದ ಒಂದು ಪದ ಇಷ್ಟು ದೊಡ್ಡ ನಿರ್ಣಯದ ಭಾರವನ್ನು ಹೊರಲಾರದು.

ರಂಗಭೂಮಿಯ ಸಂಪ್ರದಾಯವನ್ನೂ ಗಮನಿಸಬೇಕು. ಅರಿಸ್ಟೋಫನೀಸನು ಕ್ರಿ.ಪೂ. 425ರ ನಾಟಕವೊಂದರಲ್ಲಿ ಪಾರಸಿಕ ದೂತನ ಬಾಯಲ್ಲಿ ನಗೆ ಹುಟ್ಟಿಸುವ ತೊದಲು ಮಾತುಗಳನ್ನು ಇಟ್ಟಿದ್ದಾನೆ. ಗ್ರೀಕ್ ಹಾಸ್ಯನಾಟಕಗಳನ್ನು ಲ್ಯಾಟಿನ್ನಿಗೆ ಅಳವಡಿಸಿಕೊಂಡ ರೋಮಿನ ಪ್ಲಾಟಸನಾದರೋ ಕಾರ್ತೇಜಿನ ವರ್ತಕನಿಗೆ ನಿಜವಾದ ಪ್ಯೂನಿಕ್ ಭಾಷೆಯನ್ನೇ ಕೊಟ್ಟಿದ್ದಾನೆ. ಎರಡು ಮಾರ್ಗಗಳೂ ಬಳಕೆಯಲ್ಲಿದ್ದವು. ಆದುದರಿಂದ ನಮ್ಮ ಪ್ರಹಸನದ ಮಾತು ನಿಜಭಾಷೆಯೇ, ಅಣಕವೇ ಎಂಬುದನ್ನು ನಾಟಕದ ಒಳಗಿನಿಂದಲೇ ನಿರ್ಧರಿಸಲಾಗದು.

ಹಾಗಾದರೆ ಗ್ರೀಕ್-ರೋಮನ್ ಜಗತ್ತಿಗೆ ನಮ್ಮ ತೀರದ ಅರಿವು ಇರಲಿಲ್ಲವೆ? ಖಂಡಿತ ಇತ್ತು. ಅದರ ಉತ್ತಮ ನಿದರ್ಶನ ಮುಂಬಯಿಯ ಪರಿಸರದಲ್ಲಿಯೇ ಇದೆ. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಗ್ರಂಥವು ಸೋಪಾರ, ಕಲ್ಯಾಣಗಳನ್ನು ಹೆಸರಿಸುತ್ತದೆ; ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಒಯ್ಯಲಾಗುತ್ತಿತ್ತೆಂದು ಹೇಳುತ್ತದೆ. ಇತ್ತ ಬೊರಿವಲಿಯ ಬಳಿಯ ಕಾನ್ಹೇರಿ ಗುಹೆಗಳ ಪ್ರಾಕೃತ ಶಾಸನಗಳಲ್ಲಿ ಕಲ್ಯಾಣದ ದಾನಿಗಳಿದ್ದಾರೆ. ಘಟ್ಟದ ಮೇಲಿನ ಕಾರ್ಲೆಯ ಚೈತ್ಯದಲ್ಲಿ ಯವನರೆಂದು ಹೇಳಿಕೊಂಡ ದಾನಿಗಳ ಶಾಸನಗಳೂ ವೈಜಯಂತಿಯ ಶ್ರೇಷ್ಠಿ ಭೂತಪಾಲನ ಶಾಸನವೂ ಒಂದೇ ಕಡೆ ಇವೆ. ವೈಜಯಂತಿಯನ್ನು ವಿದ್ವಾಂಸರು ನಮ್ಮ ಬನವಾಸಿಯೆಂದು ಗುರುತಿಸಿದ್ದಾರೆ. ಆ ಬನವಾಸಿಯನ್ನು 2ನೆಯ ಶತಮಾನದ ಟಾಲೆಮಿಯ ಭೂಗೋಳವೂ ಬಲ್ಲದು. ಇಲ್ಲಿ ಅತ್ತಣ ಬರಹವನ್ನು ಇತ್ತಣ ಕಲ್ಲಿನೊಡನೆ ಒರೆಹಚ್ಚಿ ನೋಡಲು ಸಾಧ್ಯ. ಪ್ರಹಸನದ ಮಾತಿಗೆ ಅಂಥ ಒರೆಗಲ್ಲು ಇಲ್ಲ. ಆ ಕಾಲದ ಕನ್ನಡ ವಾಕ್ಯವೊಂದೂ ನಮ್ಮ ಕೈಯಲ್ಲಿಲ್ಲ.

ಪ್ರಹಸನದ ಮಹತ್ವ ಇದರಿಂದ ಕುಂದುವುದಿಲ್ಲ. ರೋಮನ್ ಈಜಿಪ್ಟಿನ ಜನ ಭಾರತದ ಕರಾವಳಿಯನ್ನು ಹೇಗೆ ಕಲ್ಪಿಸಿಕೊಂಡು ನಕ್ಕರು ಎಂಬುದಕ್ಕೆ ಅದು ಅಪೂರ್ವ ಸಾಕ್ಷಿ. ಅದು ಅವರ ಕಲ್ಪನೆಯ ಚರಿತ್ರೆ, ನಮ್ಮ ಭಾಷೆಯ ಚರಿತ್ರೆಯಲ್ಲ. 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಪಡೆದ ಕನ್ನಡಕ್ಕೆ ಸಂದಿಗ್ಧ ಪ್ರಮಾಣಗಳ ಆಸರೆ ಬೇಕಿಲ್ಲ. ದುರ್ಬಲವಾದ ಒಂದು ಸಾಕ್ಷಿಯನ್ನು ಮುಂದಿಟ್ಟರೆ ಬಲವಾದ ಹತ್ತು ಸಾಕ್ಷಿಗಳ ಮೇಲೂ ಸಂಶಯದ ನೆರಳು ಬೀಳುತ್ತದೆ ಎಂಬುದನ್ನು ಸಂಶೋಧಕರು ಮರೆಯಬಾರದು.