ಕಾರು, ಮನೆ ಮತ್ತು ಕ್ರೀಡಾ ಸನ್ಮಾನದ ಅಳತೆ

ಗೆದ್ದು ಬಂದ ಕ್ರೀಡಾಪಟುವಿಗೆ ಸಾರ್ವಜನಿಕವಾಗಿ ಉಡುಗೊರೆ ನೀಡುವ ಪದ್ಧತಿಯನ್ನು ಕೊಡುವವರ ಔದಾರ್ಯದಿಂದ ಅಳೆಯಬೇಕೇ ಅಥವಾ ಪಡೆಯುವವರ ಸಂಸಾರದ ಸ್ಥಿತಿಯಿಂದ ಅಳೆಯಬೇಕೇ ಎಂಬ ಪ್ರಶ್ನೆಗೆ ವಿಜಯಪುರದ ಕ್ರಿಕೆಟ್ ಆಟಗಾರ್ತಿ ರಾಜೇಶ್ವರಿ ಗಾಯಕ್ವಾಡ್ ಅವರ ನಿರ್ಧಾರವೊಂದು ಸ್ಪಷ್ಟ ಉತ್ತರ ನೀಡಿದೆ. 2017ರ ಮಹಿಳಾ ವಿಶ್ವಕಪ್ ಕ್ರಿಕೆಟ್ ಮುಗಿದ ಬಳಿಕ, ಅಂದಿನ ಜಲಸಂಪನ್ಮೂಲ ಸಚಿವರೂ ಬಬಲೇಶ್ವರದ ಶಾಸಕರೂ ಆಗಿದ್ದ ಎಂ. ಬಿ. ಪಾಟೀಲರು ಸುಮಾರು 5 ಲಕ್ಷ ರೂಪಾಯಿ ಬೆಲೆಯ ಕಾರನ್ನು ಕೊಡಲು ಮುಂದಾದಾಗ, ಬಾಡಿಗೆ ಮನೆಯಲ್ಲಿರುವ ತಮ್ಮ ಕುಟುಂಬಕ್ಕೆ ಕಾರಿಗಿಂತ ಸ್ವಂತ ಮನೆಯೇ ಅಗತ್ಯವೆಂದು ಹೇಳಿ ರಾಜೇಶ್ವರಿ ಅದನ್ನು ನಿರಾಕರಿಸಿದರು.

1991ರಲ್ಲಿ ಜನಿಸಿದ ರಾಜೇಶ್ವರಿ 2014ರ ಜನವರಿಯಲ್ಲಿ ಭಾರತ ತಂಡ ಸೇರಿದರು. ಅದೇ ವರ್ಷ ತಂದೆ ತೀರಿಕೊಂಡದ್ದರಿಂದ ಆಟದ ಜೊತೆಗೆ ಮನೆಯ ಹೊಣೆಯೂ ಅವರ ಹೆಗಲೇರಿತು. ಎಡಗೈ ಸ್ಪಿನ್ನರ್, ಅಂದರೆ ಚೆಂಡನ್ನು ಬೆರಳಿನಿಂದ ತಿರುಗಿಸಿ ನಿಧಾನವಾಗಿ ಎಸೆಯುವ ಬೌಲರ್ ಆದ ಅವರು, 2017ರ ವಿಶ್ವಕಪ್ಪಿನ ಆರಂಭದ ಪಂದ್ಯಗಳಲ್ಲಿ ಹೊರಗುಳಿದು, ಜುಲೈ 15ರಂದು ಡರ್ಬಿಯಲ್ಲಿ ಅವಕಾಶ ಸಿಕ್ಕೊಡನೆ ನ್ಯೂಜಿಲೆಂಡಿನ ಐದು ವಿಕೆಟ್‌ಗಳನ್ನು ಕೇವಲ 15 ರನ್ನಿಗೆ ಉರುಳಿಸಿದರು. ಎದುರಾಳಿ ತಂಡ 79 ರನ್ನಿಗೆ ಕುಸಿದು ಭಾರತ 186 ರನ್ನುಗಳಿಂದ ಗೆದ್ದು ಸೆಮಿಫೈನಲ್ ತಲುಪಿತು. ಫೈನಲ್‌ನಲ್ಲಿ 9 ರನ್ನುಗಳಿಂದ ಸೋತಿತು.

ಕಾರು ಕೊಡುವ ಉದ್ದೇಶ ಸದಾಶಯದ್ದೇ. ಆದರೂ ಕಾರು ವೇದಿಕೆಗೆ ಒಗ್ಗುವ ವಸ್ತು: ಕೀಲಿಕೈ ಹಸ್ತಾಂತರಿಸಿ, ಫೋಟೋ ತೆಗೆದರೆ ಸಮಾರಂಭ ಮುಗಿಯುತ್ತದೆ, ಮನೆಗೆ ನಿವೇಶನ, ಮಂಜೂರಾತಿ, ಕಾಲಾವಕಾಶ ಬೇಕು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಕೊಟ್ಟವರ ಹೆಸರನ್ನು ಕೂಗಿ ಹೇಳುವ ಆಯೇರಿಯೂ ನಾಲ್ಕು ಜನರೆದುರು ನಡೆಯುವ ಕೊಡುಗೆಯೇ; ಆದರೆ ಅದನ್ನು ಮುಂದೊಂದು ಮದುವೆಯಲ್ಲಿ ಮರಳಿಸುವ ವಾಡಿಕೆಯಿರುವುದರಿಂದ ಇಬ್ಬರೂ ಸಮಾನರಾಗಿ ಉಳಿಯುತ್ತಾರೆ. ಕ್ರೀಡಾಪಟುವಿಗೆ ಅಂಥ ಅವಕಾಶವಿಲ್ಲ. ಅವರು ಕೃತಜ್ಞತೆಯನ್ನಷ್ಟೇ ಮರಳಿಸಬಲ್ಲರು. ಬಬಲೇಶ್ವರ ಕ್ಷೇತ್ರದ ಜನಪ್ರತಿನಿಧಿ ನೆರೆಯ ನಗರದ ಆಟಗಾರ್ತಿಗೆ ನೀಡುವ ಕೊಡುಗೆ ವೈಯಕ್ತಿಕ ಪ್ರೀತಿಯೇ ಅಥವಾ ಸರ್ಕಾರದ ಕರ್ತವ್ಯವೇ ಎಂಬುದೂ ಇಲ್ಲಿ ಅಸ್ಪಷ್ಟವಾಗುತ್ತದೆ. ನಿರಾಕರಣೆಯ ಮಹತ್ವವಿರುವುದು ಇಲ್ಲಿಯೇ: ಉಡುಗೊರೆ ಏನಿರಬೇಕೆಂದು ಹೇಳುವ ಹಕ್ಕನ್ನು ಅದು ಪಡೆಯುವವರ ಕೈಗೆ ತಂದಿತು.

ಆದರೆ ಮನೆಯನ್ನೂ ಕೇಳಿಯೇ ಪಡೆಯಬೇಕಾದರೆ ಪದ್ಧತಿಯ ಮೂಲದೋಷ ಉಳಿದೇ ಉಳಿಯುತ್ತದೆ. ಸನ್ಮಾನಗಳು ಆಟದ ಉತ್ತುಂಗದಲ್ಲಿ ಬರುತ್ತವೆ, ಅಗತ್ಯವಾದರೋ ನಿವೃತ್ತಿಯ ನಂತರ ಹೆಚ್ಚುತ್ತದೆ. 1994ರಲ್ಲಿ ಆರಂಭವಾದ ಕೇಂದ್ರದ ಕ್ರೀಡಾ ಪಿಂಚಣಿ ಯೋಜನೆ ಈ ಕೊರತೆಯನ್ನು ಭಾಗಶಃ ತುಂಬುತ್ತದೆಯಾದರೂ ಅದು ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟದಂಥ ಕೂಟಗಳಲ್ಲಿ ಪದಕ ಗೆದ್ದವರಿಗೆ ಮೀಸಲಾಗಿದೆ. ಉದಾಹರಣೆಗೆ, ಭಾರತದ ಪುರುಷರ ಫುಟ್‌ಬಾಲ್ ತಂಡ 1970ರ ಬ್ಯಾಂಕಾಕ್ ಕಂಚಿನ ನಂತರ ಏಷ್ಯನ್ ಕ್ರೀಡಾಕೂಟದ ಪದಕವನ್ನೇ ಗೆದ್ದಿಲ್ಲವಾದ್ದರಿಂದ, ವರ್ಷಗಟ್ಟಲೆ ಗೋಲು ಕಾಯ್ದು ನಿವೃತ್ತನಾದ ಗೋಲ್‌ಕೀಪರ್‌ಗೆ ಆ ದಾರಿಯೂ ಬಹುಮಟ್ಟಿಗೆ ಮುಚ್ಚಿದೆ. ಹೀಗಿರುವಾಗ ಪದಕದ ಜೊತೆಗೆ ಆಡಿದ ವರ್ಷಗಳನ್ನೂ ಕುಟುಂಬದ ಅವಲಂಬನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಿಯಮದ ಮೂಲಕವೇ ವಸತಿ, ಉದ್ಯೋಗ, ಪಿಂಚಣಿ ಒದಗಿಸುವ ವ್ಯವಸ್ಥೆಯೇ ನಿಜವಾದ ಗೌರವ. ಅದು ಬಂದ ಮೇಲೆ ಕಾರು ಕೊಡುವವರು ಕೊಡಲಿ, ಒಲ್ಲೆ ಎನ್ನುವವರು ಒಲ್ಲೆ ಎನ್ನಲಿ, ಯಾರ ಸಂಸಾರವೂ ಅದನ್ನು ನೆಚ್ಚಿರಬೇಕಾಗಿಲ್ಲ.