ಬಂಡಿದಾರಿ ಹಿಡಿದು ಐದು ತಾಲ್ಲೂಕು

ಹಂಪಿ ನೋಡಲು ಬಂದವರು ಹಂಪಿಯಿಂದಲೇ ಹಿಂದಿರುಗುತ್ತಾರೆ. ಅಲ್ಲಿಂದ ಒಂದೆರಡು ತಾಸು ಪಡುವಣಕ್ಕೂ ತೆಂಕಣಕ್ಕೂ ಹೋದರೆ ಸಿಗುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಅವರ ಪಟ್ಟಿಯಲ್ಲೇ ಇರುವುದಿಲ್ಲ. ನನ್ನನ್ನು ಕೇಳಿದರೆ, ಕರ್ನಾಟಕದಲ್ಲಿ ಊರಿಂದೂರಿಗೆ ನಡೆಯಲು ಇದಕ್ಕಿಂತ ಒಳ್ಳೆಯ ಸೀಮೆ ಕಡಿಮೆ. ಇಲ್ಲಿ ಸಾವಿರ ವರ್ಷದ ಗುಡಿಗಳು ಬೇಲಿಯೊಳಗೆ ಕೂತಿಲ್ಲ; ಊರ ನಡುವೆ, ಬಣವೆ ಕೊಟ್ಟಿಗೆಗಳ ಪಕ್ಕದಲ್ಲಿ ನಿಂತಿವೆ. ಒಂದು ಊರಿನಿಂದ ಇನ್ನೊಂದಕ್ಕೆ ಬೆಳಗಿನ ತಂಪಿನಲ್ಲೇ ಮುಟ್ಟಬಹುದು. ದಾರಿ ತಪ್ಪಿದರೆ ಹೊಲದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹೀಗೆ ನಡೆಯುವುದೇ ಒಂದು ದೊಡ್ಡ ಹವ್ಯಾಸ. ಹೊಲಗಳ ನಡುವೆ ಹಾಯುವ ಕಾಲುದಾರಿ, ಹಳೆಯ ಚರ್ಚು, ದಾರಿ ಮುಗಿಯುವಲ್ಲಿ ಪಬ್ಬು. ನಮ್ಮ ಸೀಮೆಯಲ್ಲಿ ಆ ಮೂರಕ್ಕೂ ಸಾಟಿ ಉಂಟು: ಬಂಡಿದಾರಿ, ಕಲ್ಲೇಶ್ವರನ ಗುಡಿ, ಬಸ್‌ಸ್ಟ್ಯಾಂಡಿನ ಚಾ ಹೋಟ್ಲು.

ಮೊದಲು ನಡೆಯಬೇಕಾದದ್ದು ಹಡಗಲಿ ತಾಲ್ಲೂಕಿನ ಹೊಳೆದಂಡೆ. ಮೈಲಾರದಿಂದ ಹೊರಟು ಕುರುವತ್ತಿಗೆ ಹೋಗಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಡೆಂಗಿನ ಮರಡಿಯ ಮೇಲೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಉಪವಾಸ ಮಾಡಿದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದೊಡನೆ ಆ ಬಯಲೆಲ್ಲ ಮೌನ. ಆಮೇಲೆ ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ. ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಜನ ಅದರಲ್ಲೇ ಅರ್ಥ ಹುಡುಕುತ್ತಾರೆ. ಜಾತ್ರೆಯನ್ನು ಒಮ್ಮೆ ನೋಡಲೇಬೇಕು, ಆದರೆ ನಡಿಗೆಗೆ ಅದು ದಿನವಲ್ಲ. ಜಾತ್ರೆ ಕಳೆದ ಮೇಲೋ, ಅದಕ್ಕೂ ಮೊದಲು ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆಗಟ್ಟಿದಾಗಲೋ ಬನ್ನಿ. ಕೈಯಲ್ಲಿ ಬಿಸಿ ಸೀತನಿ, ಜೊತೆಗಿಷ್ಟು ಶೇಂಗಾ ಪುಡಿ ಸಿಕ್ಕಿತೆಂದರೆ ಅವತ್ತಿನ ನಡಿಗೆ ಸಾರ್ಥಕ.

ಕುರುವತ್ತಿಗೆ ಬಂದಾಗ ಮೊದಲು ಗುಡಿಗೆ ಹೋಗಬೇಡಿ, ಹೊಳೆಗೆ ಹೋಗಿ. ಕಲ್ಯಾಣದ ಚಾಲುಕ್ಯರ ದೊರೆ ಒಂದನೆಯ ಸೋಮೇಶ್ವರ, ಆಹವಮಲ್ಲ ಎಂಬ ಬಿರುದಿನವನು, 1068ರಲ್ಲಿ ವಾಸಿಯಾಗದ ಕಾಯಿಲೆಗೆ ಬಿದ್ದು, ಶಿವಧ್ಯಾನ ಮಾಡುತ್ತ ಇಲ್ಲಿ ತುಂಗಭದ್ರೆಯೊಳಗೆ ಇಳಿದು ಪ್ರಾಣ ಬಿಟ್ಟ. ಅವನ ಮಗನ ಆಸ್ಥಾನಕವಿ ಬಿಲ್ಹಣ ಅದನ್ನು ‘ವಿಕ್ರಮಾಂಕದೇವಚರಿತ’ದಲ್ಲಿ ಬರೆದಿದ್ದಾನೆ. ಚೋಳರೊಡನೆ ಜೀವಮಾನವಿಡೀ ಕಾದಾಡಿದ ಅರಸ ತನ್ನ ಕೊನೆಗೆ ಆರಿಸಿಕೊಂಡ ನೀರು ಇದು. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳೇ ಕಂಡರೂ ಆ ದಂಡೆಯಲ್ಲಿ ನಿಂತರೆ ನನಗೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ಮಲ್ಲಿಕಾರ್ಜುನನ ಗುಡಿ. ಪೂರ್ವದ ಬಾಗಿಲ ಕಂಬಗಳಿಗೆ ಆತು ನಿಂತ ಸಾಲಭಂಜಿಕೆಯರನ್ನು ಬೆಳಗಿನ ಬಿಸಿಲಲ್ಲೇ ನೋಡಬೇಕು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ; ಕುರುವತ್ತಿಯ ಹೆಣ್ಣುಗಳು ಅಲ್ಲಿನ ಮದನಿಕೆಯರಿಗೆ ಅಕ್ಕಂದಿರು. ಬೇಲೂರಿನಲ್ಲಿ ಒಡವೆ ಹೆಚ್ಚು, ಇಲ್ಲಿ ಮೈಯ ಬಳುಕು ಹೆಚ್ಚು. ಎರಡನ್ನೂ ನೋಡಿದ ನನ್ನ ಮನಸ್ಸು ಕುರುವತ್ತಿಯ ಕಡೆಗೇ ವಾಲುತ್ತದೆ. ‘ಉಜ್ಜಿನಿ ಒಳಗೆ ನೋಡು, ಕುರುವತ್ತಿ ಹೊರಗೆ ನೋಡು’ ಎಂದು ಈ ಸೀಮೆಯ ಹಿರಿಯರು ಹೇಳುತ್ತಾರೆ. ಯಾವ ಪ್ರವಾಸಿ ಕೈಪಿಡಿಯೂ ಇಷ್ಟು ಚುಟುಕಾಗಿ, ಇಷ್ಟು ಸರಿಯಾಗಿ ದಾರಿ ತೋರಿಸಿಲ್ಲ.

ಹಾಗಾಗಿ ಎರಡನೆಯ ನಡಿಗೆ ಕೊಟ್ಟೂರು ಸೀಮೆಯಲ್ಲಿ, ಉಜ್ಜಿನಿಗೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಈ ಊರಿನ ಮರುಳಸಿದ್ಧೇಶ್ವರ ಗುಡಿಯ ಒಳಗೆ ಹೋಗಿ ತಲೆಯೆತ್ತಿ. ಗಾದೆ ಯಾಕೆ ಹುಟ್ಟಿತೆಂದು ತಿಳಿಯುತ್ತದೆ. ಇಲ್ಲಿ ಜಾತ್ರೆಯ ವೇಳೆ ಗುಡಿಯ ಶಿಖರಕ್ಕೇ ಎಣ್ಣೆಯ ಅಭಿಷೇಕ. ಜರಿಮಲೆ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವ ವಾಡಿಕೆ ಈಗಲೂ ನಡೆದಿದೆ. ಕೊಟ್ಟೂರಿನಿಂದ ಅಂಬಳಿಯೂ ದೂರವಲ್ಲ. ಅಲ್ಲಿನ ಕಲ್ಲೇಶ್ವರ ಗುಡಿಯೂ ಚಾಲುಕ್ಯರ ಕಾಲದ್ದೇ.

ನಡೆಯುವುದನ್ನು ಕೊಟ್ಟೂರಿಗೆ ಯಾರೂ ಕಲಿಸಬೇಕಾಗಿಲ್ಲ. ಗುರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ, ಇನ್ನೂ ದೂರದ ಊರುಗಳಿಂದ ಜನ ರಾತ್ರಿಯಿಡೀ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಪೆಂಡಾಲು ಹಾಕಿ ಊಟ, ಮಜ್ಜಿಗೆ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುವವರೂ ಉಂಟು. ಅಪರಿಚಿತ ನಡಿಗೆಗಾರನನ್ನು ಹೀಗೆ ಆದರಿಸುವ ಊರುಗಳು ಬೇರೆ ದಿನಗಳಲ್ಲೂ ಕೈಬಿಡುವುದಿಲ್ಲ. ‘ಬಸ್ಸು ಐತಲ್ಲ, ಯಾಕ ನಡ್ಕಂತ ಹೊಂಟೀರಿ?’ ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳುತ್ತಾರೆ. ನಿಂತು ಉತ್ತರ ಹೇಳಿ. ಆ ಕಟ್ಟೆಯಲ್ಲಿ ಸಿಗುವ ಮಾಹಿತಿ ಯಾವ ಫಲಕದಲ್ಲೂ ಇರುವುದಿಲ್ಲ.

ಇನ್ನು ಹೋಟ್ಲು. ಮಂಡಕ್ಕಿ-ಮೆಣಸಿನಕಾಯಿ ಈ ಸೀಮೆಯಲ್ಲಿ ಎಲ್ಲಿಯೂ ಸಿಗುತ್ತದೆ, ಎಲ್ಲಿಯೂ ಒಂದೇ ಥರ ಇರುವುದಿಲ್ಲ. ಮೆಣಸಿನಕಾಯಿ ಉದ್ದವಾಗಿ, ಖಾರ ಕಡಿಮೆಯಾಗಿ ಇರಬೇಕು. ಹಿಟ್ಟಿನಲ್ಲಿ ಅಜವಾನದ ವಾಸನೆ ಬರಬೇಕು. ಬಾಣಲೆಯಿಂದ ನೇರ ಕಾಗದಕ್ಕೆ ಬೀಳಬೇಕು. ಮುಂಚೆಯೇ ಕರಿದು ಗುಡ್ಡೆ ಹಾಕಿಟ್ಟ ಅಂಗಡಿಯನ್ನು ದಾಟಿ ಮುಂದೆ ಹೋಗಿ. ಒಗ್ಗರಣೆ ಹಾಕಿದ ಮಂಡಕ್ಕಿ ಮೆತ್ತಗಿರಬೇಕು, ಒದ್ದೆಯಾಗಿರಬಾರದು. ಕೊನೆಗೆ ಗಾಜಿನ ಲೋಟದಲ್ಲಿ ಅರ್ಧ ಚಾ. ಅಲ್ಲಿ ಬೆಂಚಿನ ಮೇಲೆ ಮೆಕ್ಕೆಜೋಳದ ರೇಟಿನಿಂದ ಹಿಡಿದು ನೆಂಟಸ್ತಿಕೆಯವರೆಗೆ ಎಲ್ಲ ತೀರ್ಮಾನವಾಗುತ್ತದೆ. ಅರ್ಧ ತಾಸು ಸುಮ್ಮನೆ ಕೂತರೆ ಊರು ಅರ್ಥವಾಗುತ್ತದೆ.

ಹರಪನಹಳ್ಳಿಯ ಕಡೆ ಬಾಗಳಿಯನ್ನು ತಪ್ಪಿಸಬೇಡಿ. ಹತ್ತನೆಯ ಶತಮಾನದಲ್ಲಿ ಆರಂಭವಾದ ಕಲ್ಲೇಶ್ವರ ಗುಡಿಯ ಮಂಟಪದಲ್ಲಿ ಐವತ್ತರಷ್ಟು ಕಂಬಗಳು. ಅದೇ ತಾಲ್ಲೂಕಿನ ನೀಲಗುಂದದ ಭೀಮೇಶ್ವರ ಚಿಕ್ಕ ಗುಡಿ, ಆದರೆ ಕೆತ್ತನೆಯಲ್ಲಿ ದೊಡ್ಡದು. ಹಗರಿಬೊಮ್ಮನಹಳ್ಳಿಯ ಹತ್ತಿರದ ಅಂಕಸಮುದ್ರದಲ್ಲಿ ಕೆರೆಯ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಏರಿಯ ಮೇಲೆ ನಡೆಯಿರಿ, ದನಿ ತಗ್ಗಿಸಿ.

ಕೂಡ್ಲಿಗಿಗೆ ಬಂದರೆ ನೆಲವೇ ಬದಲಾಗುತ್ತದೆ: ಕೆಂಪು ಮಸಾರಿ, ಶೇಂಗಾ ಹೊಲ, ಹುಣಸೆಮರ, ಬಂಡೆಗುಡ್ಡ. ಕುಮತಿಯಲ್ಲಿ ಮನುಷ್ಯಾಕೃತಿಯಲ್ಲಿ ಕಡೆದು ನಿಲ್ಲಿಸಿದ ಇತಿಹಾಸಪೂರ್ವ ಕಾಲದ ಚಪ್ಪಡಿಗಳಿವೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ನೋಡಲು ಹಣ ಕೂಡಿಸುವವರು ಮೊದಲು ಇವನ್ನು ನೋಡಲಿ. ಗುಡೇಕೋಟೆಯ ಸುತ್ತ ಕರಡಿಧಾಮವಿದೆ. ಅಲ್ಲಿ ನಸುಕಿಗೂ ಮುಸ್ಸಂಜೆಗೂ ನಡೆಯಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ.

ಒಂದು ಸಂಗತಿ ನನ್ನನ್ನು ಕಾಡುತ್ತದೆ. ಇಂಗ್ಲೆಂಡಿನ ಕಾಲುದಾರಿಗಳು ತಾವಾಗಿ ಉಳಿಯಲಿಲ್ಲ. 1932ರ ಏಪ್ರಿಲ್ 24ರಂದು ಡರ್ಬಿಶೈರಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಕಾರ್ಮಿಕರ ಗುಂಪು ನಡೆಯುವ ಹಕ್ಕಿಗಾಗಿ ಅಪ್ಪಣೆಯಿಲ್ಲದೆ ನುಗ್ಗಿತು, ಕೆಲವರು ಜೈಲಿಗೂ ಹೋದರು. 1949ರಲ್ಲಿ ಬಂದ ಕಾನೂನು ಸಾರ್ವಜನಿಕ ದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸುವಂತೆ ಮಾಡಿತು. ನಮ್ಮಲ್ಲಿ ಆ ನಕ್ಷೆ ಆಗಲೇ ಇದೆ. ಪ್ರತಿ ಊರಿನ ಗ್ರಾಮನಕ್ಷೆಯಲ್ಲೂ ಕಾಲುದಾರಿ, ಬಂಡಿದಾರಿಗಳು ಚುಕ್ಕೆಗೆರೆಗಳಾಗಿ ಮೂಡಿವೆ. ಆದರೆ ಬಂಡಿ ಕಡಿಮೆಯಾಯಿತು, ಜನ ಬೈಕು ಹಿಡಿದರು, ಬಳಸದ ದಾರಿಯನ್ನು ಅಕ್ಕಪಕ್ಕದ ಹೊಲ ಉತ್ತು ನುಂಗಿತು. ತೊಂದರೆ ನಡಿಗೆಗಾರನಿಗಿಂತ ಹಿಂದಿನ ಹೊಲದ ರೈತನಿಗೆ ಹೆಚ್ಚು. ಅವನು ಬೆಳೆ ಹೊರಗೆ ಸಾಗಿಸುವುದು ಹೇಗೆ?

ಗ್ರಾಮನಕ್ಷೆಗಳು ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ಊರಿನದನ್ನು ಇಳಿಸಿಕೊಳ್ಳಿ, ಪಕ್ಕದೂರಿಗೆ ಹೋಗುವ ಚುಕ್ಕೆಗೆರೆಯನ್ನು ಹುಡುಕಿ, ಬರುವ ಭಾನುವಾರ ಅದರ ಮೇಲೆ ನಡೆದು ನೋಡಿ. ದಾರಿ ಮುಚ್ಚಿದ್ದರೆ ಊರಿನ ನಾಲ್ಕು ಜನ ಸೇರಿ ತಹಶೀಲ್ದಾರರಿಗೆ ಅರ್ಜಿ ಕೊಡಿ.