ವಾಲಿ ಇಲ್ಲದ ವಾಲಿವಧೆ

ವಾಷಿಂಗ್ಟನ್ ಡಲಸ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ, ವರ್ಜೀನಿಯಾದ ಶಾಂಟಿಲಿಯಲ್ಲಿ, ಸ್ಮಿತ್ಸೋನಿಯನ್ ಸಂಸ್ಥೆಯ ದೊಡ್ಡದೊಂದು ವಿಮಾನ ಸಂಗ್ರಹಾಲಯವಿದೆ. 2003ರ ಡಿಸೆಂಬರಿನಲ್ಲಿ ತೆರೆದ ಇದರ ಹೆಸರು ಉದ್ವಾರ್-ಹಾಜಿ ಸೆಂಟರ್. ಡಿಸ್ಕವರಿ ಬಾಹ್ಯಾಕಾಶ ನೌಕೆ, ಕಾಂಕಾರ್ಡ್, ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಎಲ್ಲವೂ ಇಲ್ಲಿ ಒಂದೇ ಸೂರಿನಡಿ ನಿಂತಿವೆ. ಬಂದವರನ್ನು ಸುತ್ತಾಡಿಸಿ ಅವುಗಳ ಕತೆ ಹೇಳುವವರನ್ನು ಡೋಸೆಂಟ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ‘ಕಲಿಸು’ ಎಂಬರ್ಥದ ಧಾತುವಿನಿಂದ ಬಂದ ಪದ ಅದು. ಇವರು ಸಂಬಳವಿಲ್ಲದ ಸ್ವಯಂಸೇವಕರು. ತರಬೇತಿ ಪಡೆದು, ಗೊತ್ತಾದ ದಿನ ಬಂದು, ತಾಸುಗಟ್ಟಲೆ ನಿಂತು ಮಾತಾಡಿ ಮನೆಗೆ ಹೋಗುತ್ತಾರೆ.

ನಿವೃತ್ತಿಗೆ ಹತ್ತಿರವಾಗಿರುವ ನನಗೂ ಅಂಥ ಸ್ವಯಂಸೇವಕನಾಗುವ ಆಸೆಯಿದೆ. ಅರ್ಜಿ ಹಾಕುವ ಮೊದಲು ಕೆಲಸ ಹೇಗಿರುತ್ತದೆಂದು ನೋಡಲು ಕೆಲವು ಶನಿವಾರ ಡೋಸೆಂಟರ ಹಿಂದೆ ನಡೆದೆ. ಕತೆ-ಕಾದಂಬರಿ ಓದಿ ಬೆಳೆದವನ ಚಾಳಿ ನೋಡಿ, ಅವರ ಮಾತನ್ನು ಬರೀ ಮಾಹಿತಿಯೆಂದು ಕೇಳಲಾಗಲಿಲ್ಲ. ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ, ಯಾವುದನ್ನು ಬಿಟ್ಟು ಹೇಳುತ್ತಿದ್ದಾರೆ ಎಂದೇ ಕಿವಿ ಹೋಗುತ್ತಿತ್ತು. ಹಾಗಾಗಿ ಈ ಬರಹವನ್ನು ಪ್ರವಾಸ ಕಥನ ಎಂದುಕೊಳ್ಳದೆ ಒಂದು ಮೌಖಿಕ ಪ್ರಕಾರದ ವಿಮರ್ಶೆ ಎಂದು ಓದಬೇಕಾಗಿ ಕೋರಿಕೆ.

ಮೊದಲು ಈ ಪ್ರಕಾರದ ಶಕ್ತಿಯನ್ನು ಹೇಳಬೇಕು. ಡೋಸೆಂಟರಲ್ಲಿ ಅನೇಕರು ಹಿಂದೆ ವಿಮಾನ ಹಾರಿಸಿದವರು, ರಿಪೇರಿ ಮಾಡಿದವರು, ಎಂಜಿನಿಯರುಗಳು. ಅವರ ಮಾತಿಗೆ ಮೈಯ ನೆನಪಿದೆ. ಬ್ಲ್ಯಾಕ್‌ಬರ್ಡ್‌ನ ಮುಂದೆ ನಿಂತಾಗ ಇದು ತಟ್ಟನೆ ಗೊತ್ತಾಗುತ್ತದೆ. ನೆಲದ ಮೇಲಿದ್ದಾಗ ಈ ವಿಮಾನದ ಇಂಧನ ಸೋರುತ್ತಿತ್ತು. ಅದನ್ನು ಕಟ್ಟಿದವರ ತಪ್ಪಿನಿಂದ ಸೋರಿದ್ದಲ್ಲ. ಮಹಾವೇಗದಲ್ಲಿ ಹಾರುವಾಗ ಕಾವಿಗೆ ಲೋಹ ಹಿಗ್ಗುತ್ತದೆ, ಆ ಹಿಗ್ಗುವಿಕೆಗೆ ಜಾಗ ಇರಲೆಂದು ಸಂದುಗಳನ್ನು ಸಡಿಲ ಬಿಟ್ಟಿದ್ದರು. 1990ರ ಮಾರ್ಚ್ 6ರಂದು ಇದೇ ವಿಮಾನ ಲಾಸ್ ಏಂಜಲೀಸಿನಿಂದ ವಾಷಿಂಗ್ಟನ್ನಿಗೆ 64 ನಿಮಿಷ 20 ಸೆಕೆಂಡಿನಲ್ಲಿ ಬಂದು, ಮತ್ತೆ ಹಾರಲೇ ಇಲ್ಲ. ಫಲಕದಲ್ಲಿ ಓದಿದರೆ ಇವು ಅಂಕಿಗಳು. ಬಲ್ಲವರೊಬ್ಬರು ಕೈ ಆಡಿಸಿ ಹೇಳಿದರೆ ಮಕ್ಕಳು ಬಾಯಿ ತೆರೆದು ನಿಲ್ಲುತ್ತಾರೆ. ನಮ್ಮ ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಆಳುವುದು ಅದ್ಭುತ ರಸ.

ತೊಡಕು ಶುರುವಾಗುವುದು ಆ ರಸ ಸಾಲದ ಜಾಗದಲ್ಲಿ. ಎರಡು ವರ್ಷದ ಹಿಂದೆ ಪುತ್ತೂರಿನಿಂದ ಬಂದಿದ್ದ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಯುಷ್ಯವಿಡೀ ತಾಳಮದ್ದಳೆ ಕೇಳಿದ ಮನುಷ್ಯ. ಇಂಗ್ಲಿಷ್ ಅಷ್ಟಕ್ಕಷ್ಟೇ, ಹಾಗಾಗಿ ನಾನು ಪಕ್ಕದಲ್ಲಿ ನಿಂತು ಸಣ್ಣಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಬೆಳ್ಳಿಯ ಹಾಗೆ ಹೊಳೆಯುವ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್ ಒಂದರ ಹತ್ತಿರ ಬಂದೆವು. ಮೂತಿಯ ಬಳಿ ಎರಡು ಪದ ಬರೆದಿತ್ತು: ಎನೋಲಾ ಗೇ. ಪೈಲಟ್ ಪಾಲ್ ಟಿಬೆಟ್ಸ್ ತನ್ನ ತಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದ. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಷಿಮಾದ ಮೇಲೆ ಅಣುಬಾಂಬ್ ಹಾಕಿದ ವಿಮಾನ ಅದು. ರೆಕ್ಕೆಯ ಉದ್ದ, ಎಂಜಿನ್ನಿನ ಬಲ, ಸಿಬ್ಬಂದಿ ಕೂರುವ ಕೋಣೆಯಲ್ಲಿ ಗಾಳಿಯ ಒತ್ತಡ ಕಾಪಾಡುತ್ತಿದ್ದ ಬಗೆ, ಎಲ್ಲವನ್ನೂ ಅಪ್ಪ ಶ್ರದ್ಧೆಯಿಂದ ಕೇಳಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಹೇಳಿದರು:

“ಅರ್ಥ ಚಂದ ಹೇಳ್ತಾರೆ. ಆದ್ರೆ ಮಾರಾಯ, ವಾಲಿ ಯಾರದ್ದು?”

“ಯಾವ ವಾಲಿ ಅಪ್ಪ?”

“ಬಾಣ ಬಿಟ್ಟವನ ಕತೆ ಆಯ್ತಲ್ಲ. ಬಿದ್ದವನಿಗೆ ಮಾತಾಡ್ಲಿಕ್ಕೆ ಉಂಟೋ ಇಲ್ವೋ?”

ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಮೊದಲೇ ನಿಗದಿಯಾದದ್ದು. ಅದರ ಮೇಲೆ ಅರ್ಥಧಾರಿ ಆಶುವಾಗಿ ಮಾತು ಕಟ್ಟುತ್ತಾನೆ. ಪದ್ಯ ನಾಲ್ಕು ಸಾಲು, ಅರ್ಥ ಅರ್ಧ ಗಂಟೆ. ಸಂಗ್ರಹಾಲಯದ ಫಲಕಕ್ಕೂ ಡೋಸೆಂಟರಿಗೂ ಇರುವ ಸಂಬಂಧ ಸರಿಸುಮಾರು ಇದೇ. ಆದರೆ ತಾಳಮದ್ದಳೆಯಲ್ಲಿ ಒಬ್ಬನೇ ಅರ್ಥಧಾರಿಯಿಂದ ಕೂಟ ಆಗುವುದಿಲ್ಲ, ಎದುರು ಪಾತ್ರ ಬೇಕು. ‘ವಾಲಿವಧೆ’ ಪ್ರಸಂಗದಲ್ಲಿ ಮರದ ಮರೆಯಿಂದ ಬಾಣ ಬಿಟ್ಟ ರಾಮನೊಡನೆ, ಬಿದ್ದ ವಾಲಿ ವಾದಕ್ಕಿಳಿಯುತ್ತಾನೆ. ನಿನಗೆ ನಾನೇನು ಮಾಡಿದ್ದೆ, ಎದುರು ಬಂದು ಯಾಕೆ ಯುದ್ಧ ಮಾಡಲಿಲ್ಲ ಎಂದು ಕೇಳುತ್ತಾನೆ. ರಾಮನ ಬಳಿಯೂ ಉತ್ತರವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ರಾಮನ ಮೇಲಿನ ಭಕ್ತಿ ಬಿಟ್ಟು ಮನೆಗೆ ಹೋಗಲಿಲ್ಲ. ಭಕ್ತಿಯ ಜೊತೆಗೆ ಒಂದು ಪ್ರಶ್ನೆಯನ್ನೂ ತೆಗೆದುಕೊಂಡು ಹೋದರು.

ಎನೋಲಾ ಗೇ ಸುಮಾರು 9,500 ಮೀಟರ್ ಎತ್ತರದಲ್ಲಿತ್ತು. ಮರದ ಮರೆಗಿಂತ ದೂರದ ಮರೆ ಅದು. ಆ ವರ್ಷದ ಕೊನೆಯೊಳಗೆ ಹಿರೋಷಿಮಾದಲ್ಲಿ ಸುಮಾರು 1,40,000 ಜನ ಸತ್ತರೆಂದು ಅಂದಾಜು. ಕಟ್ಟಡ ಕೆಡವುವ ಕೆಲಸಕ್ಕೆ ಹಚ್ಚಿದ್ದ ಸಾವಿರಾರು ಶಾಲಾಮಕ್ಕಳೂ ಅವರಲ್ಲಿದ್ದರು. ಶಾಂಟಿಲಿಯಲ್ಲಿ ವಿಮಾನವನ್ನು ಇಡಿಯಾಗಿ ಪ್ರದರ್ಶನಕ್ಕಿಟ್ಟಾಗ ಫಲಕದಲ್ಲಿ ಹಿರೋಷಿಮಾದ ಹೆಸರಿತ್ತು, ಸತ್ತವರ ಲೆಕ್ಕ ಇರಲಿಲ್ಲ. ಕೆಲವು ಇತಿಹಾಸಕಾರರೂ ಲೇಖಕರೂ ಅದನ್ನು ಸೇರಿಸಿ ಎಂದು ಕೇಳಿದ್ದರು. ಬಾಂಬಿಗೆ ಸಿಕ್ಕಿಯೂ ಬದುಕುಳಿದ ಕೆಲವು ವೃದ್ಧರು ಜಪಾನಿನಿಂದ ಬಂದು ಪ್ರತಿಭಟಿಸಿದ್ದರು. ಫಲಕ ಬದಲಾಗಲಿಲ್ಲ. ಪದ್ಯದಲ್ಲೇ ವಾಲಿಗೆ ಜಾಗವಿಲ್ಲದಿದ್ದರೆ ಅರ್ಥಧಾರಿ ಏನು ಮಾಡಬೇಕು?

ಎದುರು ಪಾತ್ರವನ್ನು ತರುವ ಪ್ರಯತ್ನ ಅದಕ್ಕೂ ಮೊದಲು ನಡೆದಿತ್ತು. ಯುದ್ಧ ಮುಗಿದು 50 ವರ್ಷವಾಗುವ ಹೊತ್ತಿಗೆ, 1995ಕ್ಕೆಂದು, ಇದೇ ಸಂಸ್ಥೆ ವಾಷಿಂಗ್ಟನ್ನಿನ ತನ್ನ ಮುಖ್ಯ ಸಂಗ್ರಹಾಲಯದಲ್ಲಿ ದೊಡ್ಡ ಪ್ರದರ್ಶನವೊಂದನ್ನು ಯೋಜಿಸಿತ್ತು. ವಿಮಾನದ ಜೊತೆಗೆ ಹಿರೋಷಿಮಾ, ನಾಗಾಸಾಕಿಯ ವಸ್ತುಗಳನ್ನೂ ಇಡಬೇಕೆಂದಿದ್ದರು. ಅವುಗಳಲ್ಲಿ ಒಂದು, ಶಾಲೆಯ ಹುಡುಗಿಯೊಬ್ಬಳ ಬುತ್ತಿ. ಒಳಗಿದ್ದ ಅನ್ನ ಮತ್ತು ಬಟಾಣಿ ಕರಕಲಾಗಿವೆ. ಮಾಜಿ ಸೈನಿಕರ ಸಂಘಗಳು ಸಿಟ್ಟಾದವು, ಸೆನೆಟ್ ನಿರ್ಣಯ ಮಾಡಿತು. 1995ರ ಜನವರಿಯಲ್ಲಿ ಆ ಯೋಜನೆ ರದ್ದಾಯಿತು, ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಆಮೇಲೆ ವಿಮಾನದ ಮುಂಭಾಗವನ್ನಷ್ಟೇ ಇಟ್ಟು ಸರಳ ಪ್ರದರ್ಶನ ಮಾಡಿದರು. ಆ ಬುತ್ತಿಯನ್ನು ಅದರ ಜೊತೆ ಇಡಲಿಲ್ಲ.

ಸೈನಿಕರ ಸಿಟ್ಟನ್ನು ಕಡೆಗಣಿಸಿದರೆ ನನ್ನ ವಿಮರ್ಶೆಯೂ ಏಕಪಾತ್ರಾಭಿನಯವೇ ಆಗುತ್ತದೆ. ನಾನ್‌ಜಿಂಗ್‌ನಲ್ಲಿ ಜಪಾನಿನ ಸೇನೆ ನಡೆಸಿದ ಕೊಲೆಗಳು, ಪರ್ಲ್ ಹಾರ್ಬರ್, ಓಕಿನಾವಾದ ಹೆಣಗಳ ರಾಶಿ ಅವರ ಕಣ್ಣ ಮುಂದಿತ್ತು. ಜಪಾನಿನ ನೆಲಕ್ಕೆ ನುಗ್ಗುವ ಸರದಿಗೆ ಕಾದಿದ್ದ ಇಪ್ಪತ್ತು ವರ್ಷದ ಹುಡುಗನಿಗೆ, ಬಾಂಬ್ ಬಿದ್ದ ಸುದ್ದಿ ತಾನು ಬದುಕಿದೆನೆಂಬ ಸುದ್ದಿ. ಎನೋಲಾ ಗೇ ಪಕ್ಕದಲ್ಲೇ ‘ಸೇರಾನ್’ ಎಂಬ ಜಪಾನಿ ವಿಮಾನವೂ ಇದೆ. ಜಲಾಂತರ್ಗಾಮಿಯಿಂದ ಹಾರಿ ಪನಾಮಾ ಕಾಲುವೆಯ ಮೇಲೆ ದಾಳಿ ಮಾಡಬೇಕೆಂದು ಕಟ್ಟಿದ್ದು. ಅಲ್ಲಿ ನಿಂತವರಲ್ಲಿ ಕೊಲ್ಲುವ ಮನಸ್ಸಿಲ್ಲದವರು ಯಾರೂ ಇರಲಿಲ್ಲ. ರಾಮನ ಅರ್ಥಕ್ಕೂ ಗಟ್ಟಿ ಪ್ರಮಾಣಗಳಿವೆ ಎಂದೇ ಇದರ ಮಾತು. ಪ್ರಮಾಣಗಳು ಅಷ್ಟು ಗಟ್ಟಿಯಿದ್ದರೆ ಎದುರಿಗೆ ವಾಲಿಯನ್ನು ಕೂರಿಸಲು ಅಂಜಿಕೆ ಯಾಕೆ ಎಂಬುದು ನನ್ನ ಪ್ರಶ್ನೆ. ಎದುರಾಳಿಯಿಲ್ಲದೆ ಗೆದ್ದ ವಾದವನ್ನು ನಮ್ಮೂರಿನ ಕೂಟದಲ್ಲಿ ಯಾರೂ ಗೆಲುವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಫಲಕವನ್ನು ಬರೆಯುವುದು ಸಂಸ್ಥೆ. ಅದರ ಮೇಲೆ ಸರ್ಕಾರದ, ಹಣದ, ಮತದ ಭಾರಗಳಿರುತ್ತವೆ. ಮಾತಿಗೆ ಇರುವ ಸಡಿಲು ಫಲಕಕ್ಕಿಲ್ಲ. ಡೋಸೆಂಟ್ ಭಾಷಣ ಬಿಗಿಯಬೇಕಾಗಿಲ್ಲ, ತೀರ್ಪು ಕೊಡಬೇಕಾಗಿಲ್ಲ. ರೆಕ್ಕೆಯ ಉದ್ದ ಹೇಳಿದ ಉಸಿರಿನಲ್ಲೇ ಸತ್ತವರ ಅಂದಾಜನ್ನೂ ಹೇಳಬಹುದು. ಬಾಂಬ್ ಬೀಳಲು ಸುಮಾರು 43 ಸೆಕೆಂಡ್ ಹಿಡಿಯಿತು ಎಂದ ಮೇಲೆ, ಆ ಹೊತ್ತಿಗೆ ಕೆಳಗಿದ್ದ ಮಕ್ಕಳು ಏನು ಮಾಡುತ್ತಿದ್ದರೆಂದು ಒಂದು ವಾಕ್ಯ ಸೇರಿಸಬಹುದು. ಅದ್ಭುತದ ಮಗ್ಗುಲಲ್ಲಿ ಕರುಣಕ್ಕೆ ಒಂದು ಮಣೆ ಹಾಕಿದಂತೆ. ಅಂಕಿಯೊಂದನ್ನು ಬಿಡುವುದೂ ಸೇರಿಸುವುದೂ ನಿರೂಪಕನ ಆಯ್ಕೆ. ಮುಗ್ಧ ಅಂಕಿಅಂಶ ಎಂಬುದು ಕತೆಯಲ್ಲಿಲ್ಲ, ಸಂಗ್ರಹಾಲಯದಲ್ಲೂ ಇಲ್ಲ.

ಇದು ಅಮೆರಿಕದವರ ಸಮಸ್ಯೆ ಎಂದು ನಾವು ಆರಾಮಾಗಿ ಕೂರುವಂತಿಲ್ಲ. ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲಿ ಮಾರುತ್ ಯುದ್ಧವಿಮಾನವಿದೆ. 1961ರ ಜೂನ್ 17ರಂದು ಮೊದಲು ಹಾರಿದ, ಇಲ್ಲೇ ಕಟ್ಟಿದ ವಿಮಾನ. ಅದರ ವಿನ್ಯಾಸದ ನೇತೃತ್ವ ವಹಿಸಿದ್ದು ಕುರ್ಟ್ ಟ್ಯಾಂಕ್, ಹಿಟ್ಲರನ ವಾಯುಸೇನೆಗೆ ಫೋಕ-ವುಲ್ಫ್ 190 ರೂಪಿಸಿದ ಅದೇ ಜರ್ಮನ್ ಎಂಜಿನಿಯರ್. ಯುದ್ಧಕಾಲದ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಸೆರೆ ಹಿಡಿದು ತಂದವರನ್ನು ಬಲವಂತವಾಗಿ ದುಡಿಸುತ್ತಿದ್ದರು. ನಾಳೆ ನಿಮ್ಮಲ್ಲೊಬ್ಬರು ಮಾರುತ್ ಮುಂದೆ ನಿಂತು ಶಾಲೆಯ ಮಕ್ಕಳಿಗೆ ಕತೆ ಹೇಳಬೇಕಾಗಿ ಬಂದರೆ, ಅದನ್ನು ಕಟ್ಟಿದ ನಮ್ಮವರ ಬಗ್ಗೆ ಹೆಮ್ಮೆಯಿಂದ ಹೇಳಿ, ಹೇಳಲೇಬೇಕು. ಟ್ಯಾಂಕ್ ಎಲ್ಲಿಂದ ಬಂದ ಎಂಬುದನ್ನೂ ಹೇಳಿ. ಹೆಮ್ಮೆ ಅದರಿಂದ ಸಣ್ಣದಾಗುವುದಿಲ್ಲ.

ಅಪ್ಪ ಊರಿಗೆ ಮರಳಿದರು. ಫೋನಿನಲ್ಲಿ ಮೊನ್ನೆ ಕೇಳಿದರು, “ಅರ್ಥ ಹೇಳ್ಲಿಕ್ಕೆ ಹೋಗ್ತೇನೆ ಅಂದಿದ್ದಿಯಲ್ಲ, ಏನಾಯ್ತು?” ಅರ್ಜಿ ತುಂಬಿಸಿದ್ದೇನೆ ಎಂದೆ. ಒಪ್ಪಿಗೆ ಸಿಕ್ಕರೆ ಬ್ಲ್ಯಾಕ್‌ಬರ್ಡ್‌ನ ಕತೆಯನ್ನು ನನ್ನಿಂದಾದಷ್ಟು ಚೆನ್ನಾಗಿ ಹೇಳುತ್ತೇನೆ. ಆಮೇಲೆ ಎನೋಲಾ ಗೇ ಮುಂದೆ ನಿಂತು, ಅಲ್ಲಿಲ್ಲದ ಒಂದು ಬುತ್ತಿಯ ವಿಷಯವನ್ನೂ ಹೇಳುತ್ತೇನೆ. ಎರಡು ನಿಮಿಷ ಸಾಕು.